ಶಿಶುನಾಸಿಕ ಸ್ವಾಮ್ಯ ಮೀಮಾಂಸೆ

ಹೈದರಾಬಾದಿನ ಕಾಚಿಗುಡದಲ್ಲಿ, ಕಲಬುರಗಿ ಕಡೆಯಿಂದ ಬಂದು ನೆಲೆಸಿದ ಒಂದು ಕನ್ನಡ ಮನೆ. ಅಲ್ಲಿ ಗಂಡುಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಎದ್ದ ಪ್ರಶ್ನೆಯೇ ಪ್ರಸ್ತುತ ಪ್ರಬಂಧದ ವಸ್ತು: ಮೂಗು ಯಾರದು? ಅದು ಕೂಸಿನ ಮುಖದ ಮೇಲೇ ಇದೆ ಎಂಬ ಸಾಕ್ಷ್ಯವನ್ನು ಸಭೆ ಪರಿಗಣಿಸಲಿಲ್ಲ. “ಹುಬೇಹೂಬ್ ನಮ್ಮ ಮುತ್ಯಾಂದೇ ಮೂಗು ನೋಡ್ರಿ” ಎಂದು ಸೋದರತ್ತೆ ಪೂರ್ವಪಕ್ಷ ಹೂಡಿದರು. “ನಿಮ್ಮ ಮುತ್ಯಾಂದು ಗಿಣಿಮೂಗ ಅಲ್ಲೇನ್ರಿ? ಇದು ನಮ್ಮ ಕಡಿದು” ಎಂದು ತಾಯಿಯ ತಾಯಿ ಉತ್ತರಪಕ್ಷ ಮಂಡಿಸಿದರು. ಬಣ್ಣ, ಎತ್ತರ, ಕೂದಲಿನ ವಿಚಾರಣೆ ಊಟದ ನಂತರಕ್ಕೆ ಹೋಯಿತು.

ತೊಟ್ಟಿಲುಶಾಸ್ತ್ರವೆಂದು ಕರೆಯಬಹುದಾದ ಈ ವಿದ್ಯೆ ತಳಿಶಾಸ್ತ್ರಕ್ಕಿಂತ ಬಹಳ ಹಳೆಯದು. ಅದರ ಮೂಲಸೂತ್ರ ಪಹಣಿಯದು. ಒಂದೊಂದು ಅಂಗವೂ ಒಂದೊಂದು ಸರ್ವೆ ನಂಬರು, ಒಂದೊಂದಕ್ಕೂ ಒಬ್ಬನೇ ಖಾತೆದಾರ. 1866ರಲ್ಲಿ ಬಟಾಣಿ ಪ್ರಯೋಗ ಪ್ರಕಟಿಸಿದ ಮೆಂಡೆಲ್‌ನ ಹೆಸರನ್ನೇ ಈ ಶಾಸ್ತ್ರಜ್ಞೆಯರು ಕೇಳಿರಲಿಕ್ಕಿಲ್ಲ, ಆದರೂ ಅವನ ಪರವಾಗಿಯೇ ವಾದಿಸುತ್ತಾರೆ. ಅವನು ಆರಿಸಿಕೊಂಡ ಏಳು ಗುಣಗಳಲ್ಲಿ ಕಾಳು ದುಂಡಗಿರಬೇಕು, ಇಲ್ಲವೇ ಸುಕ್ಕಾಗಿರಬೇಕು, ನಡುವಿನದಿಲ್ಲ. ತೊಡಕು ಒಂದೇ, ಕೂಸು ಬಟಾಣಿಯಲ್ಲ.

ಇಲ್ಲಿ ಎರಡು ಪಂಥಗಳಿವೆ. ಹಳೆಯದು ಹಲೀಂವಾದ. ಗೋಧಿ, ಬೇಳೆ, ಮಾಂಸಗಳನ್ನು ಗಂಟೆಗಟ್ಟಲೆ ಬೇಯಿಸಿ ಕುಟ್ಟಿದ ಮೇಲೆ ಯಾವುದು ಯಾವುದೆಂದು ಹೇಳುವಂತಿಲ್ಲ. ತಂದೆತಾಯಿಯ ಗುಣಗಳೂ ಹಾಗೆಯೇ ಕಲಸಿಹೋಗುತ್ತವೆ ಎಂದು ಡಾರ್ವಿನ್ ಕಾಲದ ಘನವಿದ್ವಾಂಸರೂ ನಂಬಿದ್ದರು. ಅದು ನಿಜವಾಗಿದ್ದರೆ ಕೆಲವು ತಲೆಮಾರುಗಳಲ್ಲಿ ಇಡೀ ಊರಿಗೆ ಒಂದೇ ಮುಖ ಉಳಿಯಬೇಕಿತ್ತು. ಸಂಜೆ ಹೊತ್ತು ಚಾರ್ಮಿನಾರಿನ ಎದುರು ನಿಂತವರು ಇದನ್ನು ಒಪ್ಪಲಾರರು. ಎರಡನೆಯದು ಬಿರಿಯಾನಿವಾದ: ಎಷ್ಟೇ ಕಲಸಿದರೂ ಅಗುಳು ಅಗುಳಾಗಿಯೇ ಉಳಿಯುತ್ತದೆ, ಮುಂದಿನ ತಲೆಮಾರಿನ ತಟ್ಟೆಗೆ ಇಡಿಯಾಗಿ ಬೀಳುತ್ತದೆ. 1918ರಲ್ಲಿ ರೊನಾಲ್ಡ್ ಫಿಶರ್ ಎರಡಕ್ಕೂ ರಾಜಿ ಮಾಡಿಸಿದ. ಒಂದು ಗುಣಕ್ಕೆ ಹಲವಾರು ವಂಶವಾಹಿಗಳು ಚೂರುಚೂರು ಪಾಲು ಕೊಟ್ಟರೆ, ಹತ್ತಿರದಿಂದ ಬಿರಿಯಾನಿಯಾದದ್ದೇ ದೂರದಿಂದ ಹಲೀಂ ಆಗಿ ಕಾಣುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ. (ಕಾಚಿಗುಡದ ಮನೆ ಶುದ್ಧ ಸಸ್ಯಾಹಾರಿ. ಉದಾಹರಣೆಗಳು ಶಾಸ್ತ್ರಾರ್ಥಕ್ಕಷ್ಟೇ.)

ಊಟವಾದ ಮೇಲೆ ಬಣ್ಣದ ವಿಚಾರಣೆ. ಬಸಿರಿನಲ್ಲಿ ಕುಡಿಸಿದ ಕೇಸರಿ ಹಾಲಿನ ಲೆಕ್ಕವನ್ನು ತಾಯಿಯ ಕಡೆಯವರು ಒಪ್ಪಿಸಿದರು. ಕಾಚಿಗುಡದಿಂದ ಕೆಲವೇ ಕಿಲೋಮೀಟರ್ ಆಚೆ, ಹಬ್ಸಿಗುಡದ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಬೇರೆಯೇ ಲೆಕ್ಕವಿದೆ. ಅಲ್ಲಿಯ ಕುಮಾರಸಾಮಿ ತಂಗರಾಜ್ ಮತ್ತು ಸಂಗಡಿಗರು ದಕ್ಷಿಣ ಭಾರತದ 1228 ಜನರ ಚರ್ಮದ ಬಣ್ಣವನ್ನು ಉಪಕರಣದಿಂದ ಅಳೆದು 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಸ್‌ಎಲ್‌ಸಿ24ಎ5 ಎಂಬ ವಂಶವಾಹಿಯಲ್ಲಿ (ಎಸ್ಸೆಸ್ಸೆಲ್ಸಿಗೆ ಒಂದು ಎಸ್ ಕಡಿಮೆ) ಒಂದೇ ಒಂದು ಅಕ್ಷರದ ಬದಲಾವಣೆ, ಆ ಜನರ ನಡುವಿನ ಬಣ್ಣದ ವ್ಯತ್ಯಾಸದಲ್ಲಿ ಸುಮಾರು ಶೇ. 27ರಷ್ಟಕ್ಕೆ ಉತ್ತರ ಹೇಳುತ್ತದೆ. ಬಣ್ಣದ ಲೋಕದಲ್ಲಿ ಇಷ್ಟು ದೊಡ್ಡ ಪಾಲು ಒಂದೇ ಅಕ್ಷರಕ್ಕೆ ದಕ್ಕುವುದು ಜಮೀನ್ದಾರಿಕೆಯೇ ಸರಿ. ಆದರೂ ರೂಪಾಯಿಯಲ್ಲಿ 73 ಪೈಸೆ ಇತರ ವಂಶವಾಹಿಗಳಿಗೂ ಪರಿಸರಕ್ಕೂ ಬಾಕಿ. ಇನ್ನು “ನಮ್ಮ ಕಡಿ ಬಣ್ಣ” ಎಂಬ ವಾದ: ಭಾರತದಲ್ಲಿರುವ ಆ ತಿಳಿಬಣ್ಣದ ಅಕ್ಷರವೂ ಯುರೋಪಿನದೂ ಒಂದೇ ಮೂಲದವು, ವಯಸ್ಸು 22ರಿಂದ 28 ಸಾವಿರ ವರ್ಷ ಎಂದು ಅದೇ ಅಧ್ಯಯನ ಅಂದಾಜಿಸಿದೆ. ಅಷ್ಟು ಹಳೆಯ ಕಾಗದಪತ್ರ ಎರಡೂ ಬೀಗರ ಬಳಿ ಇರಲಿಲ್ಲ.

ಮೂಗಿಗೆ ಮರಳಿದರೆ ಪಹಣಿ ಇನ್ನೂ ಹರಿದುಹೋಗುತ್ತದೆ. 2016ರಲ್ಲಿ ಕೌಸ್ತುಭ್ ಅಧಿಕಾರಿ ಮತ್ತು ಇತರರು ಲ್ಯಾಟಿನ್ ಅಮೆರಿಕದ ಆರು ಸಾವಿರಕ್ಕೂ ಹೆಚ್ಚು ಮುಖಗಳನ್ನು ಪರಿಶೀಲಿಸಿದಾಗ ಮೂಗಿನ ತುದಿಯ ಚೂಪಿಗೆ ಡಿಸಿಎಚ್‌ಎಸ್2, ಮೇಲಿನ ಮೂಳೆಯ ಅಗಲಕ್ಕೆ ಆರ್‌ಯುಎನ್‌ಎಕ್ಸ್2, ಹೊಳ್ಳೆಗಳ ಅಗಲಕ್ಕೆ ಜಿಎಲ್‌ಐ3 ಮತ್ತು ಪಿಎಎಕ್ಸ್1 ಎಂಬ ವಂಶವಾಹಿಗಳ ನಂಟು ಕಂಡಿತು. ಎಲ್ಲವೂ ಸಣ್ಣ ಹಿಡುವಳಿದಾರರು. ಹಾಗಾಗಿ ತುದಿ ಮುತ್ಯಾನಿಂದ, ಹೊಳ್ಳೆ ಅಜ್ಜಿಯಿಂದ ಬಂದಿರಬಾರದೆಂದೇನೂ ಇಲ್ಲ.

ತೊಟ್ಟಿಲುಶಾಸ್ತ್ರಕ್ಕೆ ಸರ್ಕಾರಿ ಕುರ್ಚಿ ಸಿಕ್ಕಿದ್ದೂ ಉಂಟು. 1901ರ ಜನಗಣತಿಯ ಕಮಿಷನರ್ ಹರ್ಬರ್ಟ್ ರಿಸ್ಲಿ, ಮೂಗು ಸಪೂರವಾದಷ್ಟೂ ಜಾತಿ ಮೇಲಿನದು ಎಂದು ಅಳತೆಪಟ್ಟಿ ಹಿಡಿದು ಸಾಧಿಸಹೊರಟಿದ್ದ. ಸೋದರತ್ತೆಯರ ಯಾವ ಸಿದ್ಧಾಂತವೂ ಅಷ್ಟು ಕೇಡು ಮಾಡಿಲ್ಲ.

ಎತ್ತರದ ವಿಷಯ ಬೇಗ ಮುಗಿಯುತ್ತದೆ. 2022ರಲ್ಲಿ 54 ಲಕ್ಷ ಜನರ ಮಾಹಿತಿ ಜಾಲಾಡಿದ ಅಧ್ಯಯನಕ್ಕೆ ಎತ್ತರದೊಂದಿಗೆ ತಳುಕು ಹಾಕಿಕೊಂಡ 12,111 ವ್ಯತ್ಯಾಸಗಳು ಸಿಕ್ಕವು. ಇಷ್ಟು ವಾರಸುದಾರರನ್ನು ಕೂರಿಸಲು ಕಾಚಿಗುಡ ರೈಲು ನಿಲ್ದಾಣವೂ ಸಾಲದು. ಬೋಳುತಲೆಯದು ಮಾತ್ರ ತುಸು ಸೂಕ್ಷ್ಮ. ಸೋದರಮಾವನ ನೆತ್ತಿಯತ್ತ ಎಲ್ಲರೂ ತಿರುಗಿದ್ದು ತೀರ ಅಶಾಸ್ತ್ರೀಯವೇನಲ್ಲ, ಏಕೆಂದರೆ ಅದರ ಒಂದು ಪ್ರಮುಖ ವಂಶವಾಹಿ ಇರುವ ಎಕ್ಸ್ ವರ್ಣತಂತು ಗಂಡುಮಕ್ಕಳಿಗೆ ತಾಯಿಯಿಂದಲೇ ಬರುತ್ತದೆ. ಆದರೆ ಬ್ರಿಟನ್ನಿನ 52 ಸಾವಿರ ಗಂಡಸರ ಮೇಲೆ ನಡೆದ 2017ರ ಅಧ್ಯಯನ ಗುರುತಿಸಿದ 287 ತಾಣಗಳಲ್ಲಿ ಎಕ್ಸ್ ಮೇಲಿದ್ದವು 40 ಮಾತ್ರ. ಉಳಿದ 247ಕ್ಕೆ ತಂದೆಯ ಕಡೆಯವರೂ ಸಮನಾಗಿ ಕಟಕಟೆ ಏರಬೇಕು.

ಎದುರು ಮನೆಯಲ್ಲಿ ಇಂಥ ವ್ಯಾಜ್ಯವೇ ಹುಟ್ಟಲಿಲ್ಲ. ಅಲ್ಲಿ ತಾಯಿ ಮದುವೆಯಾದದ್ದು ತನ್ನ ಸೋದರಮಾವನನ್ನೇ. ಹೀಗಾಗಿ ಕೂಸಿನ ಸೋದರತ್ತೆಯೂ ತಾಯಿಯ ತಾಯಿಯೂ ಒಬ್ಬರೇ. ವಾದಿ, ಪ್ರತಿವಾದಿ ಎರಡೂ ಸ್ಥಾನದಲ್ಲಿ ಕೂತು ಅವರು ಮೂಗನ್ನು ನಿರಾತಂಕವಾಗಿ ತಮ್ಮ ಹೆಸರಿಗೆ ಬರೆಸಿಕೊಂಡರು. ಇಂಥ ಮದುವೆಯ ಮಕ್ಕಳಲ್ಲಿ ಸರಾಸರಿ ಎಂಟರಲ್ಲೊಂದು ಪಾಲು ವಂಶವಾಹಿಗಳ ಎರಡೂ ಪ್ರತಿ ಒಬ್ಬನೇ ಪೂರ್ವಜನಿಂದ ಬಂದಿರುತ್ತವೆ, ಅಡಗಿ ಕೂತ ದೋಷ ಜೋಡಿಯಾಗಿ ಹೊರಬೀಳಲು ಅದೇ ದಾರಿ ಎಂದು ವೈದ್ಯರು ಎಚ್ಚರಿಸುವುದು ಬೇರೆ ಮಾತು.

ಕೊನೆಗೆ, ಸಭೆಯಲ್ಲಿ ಯಾರೂ ಎತ್ತದ ಪ್ರಮೇಯ. ಈ ಸೀಮೆಯ ಅಸೀಲ್ ಹುಂಜದ ತಲೆಯ ಮೇಲಿರುವುದು ತಗ್ಗಾದ ಬಟಾಣಿ ಜುಟ್ಟು. ಬಟಾಣಿ ಜುಟ್ಟಿನ ಕೋಳಿಯನ್ನೂ ಗುಲಾಬಿ ಜುಟ್ಟಿನ ಕೋಳಿಯನ್ನೂ ಕೂಡಿಸಿದರೆ ಮರಿಗೆ ಎರಡೂ ಅಲ್ಲದ ಅಕ್ರೋಟು ಜುಟ್ಟು ಬರುತ್ತದೆ ಎಂದು ಕಳೆದ ಶತಮಾನದ ಆರಂಭದಲ್ಲೇ ತಳಿವಿಜ್ಞಾನಿಗಳಾದ ಬೇಟ್ಸನ್, ಪನೆಟ್ ತೋರಿಸಿದ್ದರು. ಎರಡು ವಂಶವಾಹಿಗಳು ಸೇರಿದಾಗ ಯಾರ ಮನೆಯಲ್ಲೂ ಇಲ್ಲದ್ದು ಹುಟ್ಟುತ್ತದೆ. ಕೋಳಿಗೂಡಿನಲ್ಲಿ ಇದು ಪಾಠ. ತೊಟ್ಟಿಲ ಸುತ್ತ “ಯಾರ ಹಂಗೂ ಇಲ್ಲ” ಎಂದರೆ ಬೀಗತನವೇ ಮುರಿದೀತು. ಪ್ರಬಂಧಕಾರರು ಪ್ರಮೇಯವನ್ನು ಹಾಳೆಯಲ್ಲಷ್ಟೇ ಬರೆದುಕೊಂಡು ಹೋಳಿಗೆಯ ಕಡೆ ಗಮನ ಕೊಟ್ಟರು.

ಮರುದಿನ ಬೆಳಿಗ್ಗೆ ಕೂಸಿಗೆ ಎರೆಯುವ ಮುದುಕಿ ಬಂದಳು. ಕಾಲಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿದ ಎರಡು ಬೆರಳಲ್ಲಿ ಮೂಗು ತೀಡುತ್ತಾ, “ಇವರಪ್ಪಂದೂ ನಾನೇ ತಿದ್ದೀನಿ, ಇದೂ ನಂದೇ” ಅಂದಳು.