ಗ್ಯಾಪು ಬಿದ್ದ ಗಂಜಾಂ ಹುಡುಗ

ಕಾಲೇಜು ಶುರುವಾಗುವ ದಿನಗಳಲ್ಲಿ ಬೆಂಗಳೂರಿನ ಯಾವುದೇ ಪಿ.ಜಿ.ಯ ಮೂರು ಮಂಚದ ಕೋಣೆಗೆ ಇಣುಕಿ ನೋಡಿ, ಅವನನ್ನು ಗುರುತು ಹಿಡಿಯುವುದು ಕಷ್ಟವಲ್ಲ. ಉಳಿದಿಬ್ಬರು ಬ್ಯಾಗಿನಿಂದ ಮೊದಲು ಚಾರ್ಜರ್ ತೆಗೆಯುತ್ತಾರೆ. ಇವನು ಬಿಸಿನೀರಿನ ಫ್ಲಾಸ್ಕು ತೆಗೆಯುತ್ತಾನೆ. ಆಮೇಲೆ ಥರ್ಮಾಮೀಟರು, ಗುಳಿಗೆ ಡಬ್ಬಿ, ತಾಯಿ ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿಕೊಟ್ಟ ಗಂಜಾಂ ಅಂಜೂರ, ನಿಮಿಷಾಂಬ ದೇವಸ್ಥಾನದ ಕುಂಕುಮದ ಪೊಟ್ಟಣ, ಕೊನೆಗೊಂದು ದಪ್ಪ ಫೈಲು. ಅದರಲ್ಲಿ ಅಂಕಪಟ್ಟಿ ಎರಡು, ರಕ್ತಪರೀಕ್ಷೆಯ ವರದಿ ಇಪ್ಪತ್ತೆರಡು. ಪಿ.ಯು. ಮುಗಿಯುತ್ತಿದ್ದಂತೆ ಕಾಮಾಲೆಯೋ ಟೈಫಾಯಿಡೋ ಬಂದು ಮರುಕಳಿಸಿ, ಇಲ್ಲವೇ ಆರು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ನುಂಗಬೇಕಾದ ಕ್ಷಯ ಅಂಟಿಕೊಂಡು, ಒಂದು ವರ್ಷ ಮನೆಯಲ್ಲೇ ಉಳಿದ, ಶ್ರೀರಂಗಪಟ್ಟಣದ ಗಂಜಾಂನ ಹುಡುಗ ಇವನು. (ಕ್ಷಯವಾಗಿದ್ದರೆ ಬೀದಿಗೆ ಹೇಳಿರುವುದು ‘ವೀಕ್‌ನೆಸ್ಸು’ ಅಂತ.) ವಯಸ್ಸು 19, ನಡವಳಿಕೆ ಪೆನ್ಷನ್ ಎಣಿಸುವವರದು. ಪಾಪ, ಒಂದು ವರ್ಷ ಹಿಂದೆ ಬಿದ್ದ ಎಂದು ಊರೆಲ್ಲ ಲೊಚಗುಟ್ಟುತ್ತದೆ. ನನ್ನ ಲೆಕ್ಕ ಬೇರೆ. ಬೆಂಗಳೂರಿಗೆ ಬೇಕಾದ ತಯಾರಿಯನ್ನು ಪೂರ್ತಿ ಮುಗಿಸಿಕೊಂಡು ಬಂದವನು ಆ ಕೋಣೆಯಲ್ಲಿ ಇವನೊಬ್ಬನೇ.

ಆ ಒಂದು ವರ್ಷದ ಪಠ್ಯಕ್ರಮವನ್ನೇ ನೋಡಿ. ಮೊದಲ ವಿಷಯ, ಕಾಯುವುದು. ಮಂಡ್ಯ ಜಿಲ್ಲೆಯಲ್ಲಿ ಶ್ರೀರಂಗಪಟ್ಟಣದ ಕಡೆಯವರು ಮೈಸೂರಿನ ಕೆ.ಆರ್. ಆಸ್ಪತ್ರೆಗೆ, ನಾಗಮಂಗಲದವರು ಬೆಳ್ಳೂರಿನ ಹತ್ತಿರದ ಆದಿಚುಂಚನಗಿರಿಗೆ, ಉಳಿದವರು ಮಂಡ್ಯದ ಮಿಮ್ಸ್‌ಗೆ. ಎಲ್ಲಿಗೇ ಹೋದರೂ ಚೀಟಿಗೊಂದು ಸಾಲು, ಡಾಕ್ಟರಿಗೊಂದು ಸಾಲು, ರಕ್ತ ಕೊಡಲು ಒಂದು, ಕೊಟ್ಟ ರಕ್ತ ಏನು ಹೇಳಿತು ಎಂದು ಕೇಳಲು ಇನ್ನೊಂದು. ಈ ಗರಡಿಯಲ್ಲಿ ಸಾಮು ಮಾಡಿದವನಿಗೆ ಸಿಲ್ಕ್ ಬೋರ್ಡ್ ಜಂಕ್ಷನ್ ಏನು ಮಹಾ? ಪಿ.ಜಿ.ಯ ಬಚ್ಚಲ ಮುಂದೆ ಬೆಳಿಗ್ಗೆ ಏಳಕ್ಕೆ ಉಳಿದವರು ಬಾಗಿಲು ಬಡಿಯುತ್ತಿದ್ದರೆ, ಇವನು ಟವೆಲು ಹೆಗಲಿಗೆ ಹಾಕಿಕೊಂಡು ಸಮಾಧಾನವಾಗಿ ಗೋಡೆಗೆ ಒರಗಿರುತ್ತಾನೆ. ಎರಡನೆಯದು ಪಥ್ಯ. ಉಪ್ಪು ಖಾರ ಎಣ್ಣೆ ಇಲ್ಲದ ಗಂಜಿಯಲ್ಲಿ ತಿಂಗಳುಗಟ್ಟಲೆ ಕಳೆದ ನಾಲಿಗೆಗೆ ಪಿ.ಜಿ. ಸಾಂಬಾರು ಔತಣ. ಮೂರನೆಯದೇ ಕಠಿಣ: ನೋಡಲು ಬಂದವರ ಮಾತು ಕೇಳುವುದು. ಒಬ್ಬರು ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿ ಎನ್ನುತ್ತಾರೆ, ಇನ್ನೊಬ್ಬರು ಅದನ್ನು ಮುಟ್ಟಲೇಬೇಡ ಎನ್ನುತ್ತಾರೆ, ಮತ್ತೊಬ್ಬರು ಇದೇ ಕಾಯಿಲೆಯಲ್ಲಿ ಪಾಂಡವಪುರದಲ್ಲಿ ತೀರಿಹೋದ ತಮ್ಮ ನೆಂಟರ ಕಥೆಯನ್ನು ಸಾವಕಾಶವಾಗಿ ಹೇಳುತ್ತಾರೆ. ಎಲ್ಲಕ್ಕೂ ‘ಹೂಂ’ ಅನ್ನುತ್ತ ವರ್ಷ ಕಳೆದವನನ್ನು ಯಾವ ಲೆಕ್ಚರರೂ ಆಕಳಿಸುವಂತೆ ಮಾಡಲಾರರು.

ಆದರೂ ವರ್ಷ ಹಾಳಾಯಿತಲ್ಲ ಎನ್ನುವವರು ಇದ್ದೇ ಇದ್ದಾರೆ. ಕಾಲೇಜುಗಳಂತೂ ಈ ಗ್ಯಾಪಿನ ಲೆಕ್ಕವನ್ನು ಕಾಗದದ ಮೇಲೆಯೇ ಕೇಳುತ್ತವೆ. ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ತಾ ಎನ್ನುತ್ತವೆ. ಆ ಅವಧಿಯಲ್ಲಿ ನಾನು ಬೇರೆಲ್ಲೂ ಓದಲಿಲ್ಲ, ಯಾವ ಅಪರಾಧವನ್ನೂ ಮಾಡಲಿಲ್ಲ ಎಂಬ ಪ್ರಮಾಣ. ಮಗ್ಗುಲು ಬದಲಿಸಲು ಅಮ್ಮನನ್ನು ಕೂಗುತ್ತಿದ್ದವನು ತಾನು ದರೋಡೆ ಮಾಡಲಿಲ್ಲವೆಂದು ಛಾಪಾ ಕಾಗದದ ಮೇಲೆ ಸಹಿ ಹಾಕುತ್ತಾನೆ. ಇಷ್ಟು ಬಿಗಿಯಾಗಿ ಕಾಯುವ ಈ ವರ್ಷ ನಿಜಕ್ಕೂ ಅಷ್ಟು ತುಟ್ಟಿಯೇ? ಪದವಿಗೆ ನಾಲ್ಕನೆಯ ವರ್ಷವೊಂದನ್ನು 2021ರಲ್ಲಿ ತಂದ ಸರ್ಕಾರ, 2024ರಲ್ಲಿ ಮತ್ತೆ ಮೂರೇ ಸಾಕು ಎಂದಿತು. ಒಂದನೇ ತರಗತಿಗೆ ಆರು ತುಂಬಿರಲೇಬೇಕು ಎಂಬ ನಿಯಮ 2025ರಲ್ಲಿ ಆ ಒಂದು ಸಾಲಿನ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಇಳಿಯಿತು. ಕೊರೊನಾ ಕಾಲದ 2021ರಲ್ಲಿ ದ್ವಿತೀಯ ಪಿ.ಯು. ಪರೀಕ್ಷೆಯೇ ರದ್ದಾಗಿ ಇಡೀ ರಾಜ್ಯದ ಮಕ್ಕಳು ಬರೆಯದೆ ಪಾಸಾದರು. ಅವರಲ್ಲಿ ಯಾರನ್ನೂ ‘ಪರೀಕ್ಷೆ ಬರೆಯದೆ ಎಲ್ಲಿದ್ದೆ’ ಎಂದು ನೋಟರಿ ಕೇಳಲಿಲ್ಲ. ಪಕ್ಕದ ಮೈಸೂರಿನಲ್ಲಿ ಆರ್.ಕೆ. ನಾರಾಯಣ್ ಪ್ರವೇಶ ಪರೀಕ್ಷೆಯಲ್ಲಿ ನಪಾಸಾಗಿ ಒಂದು ವರ್ಷ ಮನೆಯಲ್ಲಿ ಓದುತ್ತ ಬರೆಯುತ್ತ ಕೂತಿದ್ದು, 1926ರಲ್ಲಿ ಮಹಾರಾಜಾ ಕಾಲೇಜು ಸೇರಿ, ಬಿ.ಎ.ಗೆ ಎಲ್ಲರಿಗಿಂತ ಒಂದು ವರ್ಷ ಹೆಚ್ಚೇ ತೆಗೆದುಕೊಂಡರು. ಅವರಿಗೆ ಕಾಯಿಲೆಯ ನೆವವೂ ಇರಲಿಲ್ಲ. ಇನ್ನು ಕೆ.ಆರ್. ಪೇಟೆ ತಾಲ್ಲೂಕು ಅಕ್ಕಿಹೆಬ್ಬಾಳಿನ ಸಾಹಿತಿ ಎ.ಎನ್. ಮೂರ್ತಿರಾಯರು 1900ರಲ್ಲಿ ಹುಟ್ಟಿ 2003ರವರೆಗೆ ಬಾಳಿದವರು. ಆ ನೀರು ಕುಡಿದ ಸೀಮೆಯಲ್ಲಿ ಒಂದು ವರ್ಷಕ್ಕೆ ಇಷ್ಟು ಗೋಳೇ?

ಇನ್ನೊಂದು ಆಕ್ಷೇಪಣೆ ಹೆಚ್ಚು ತೂಕದ್ದು. ಶ್ರೀರಂಗಪಟ್ಟಣದಿಂದ ಮೈಸೂರು ಹದಿನೈದು ಕಿಲೋಮೀಟರು. ಮನೆಯ ಊಟ ಉಂಡು ಬಸ್ಸಿನಲ್ಲಿ ಹೋಗಿಬರುವ ಬದಲು, ಈಗಷ್ಟೇ ಎದ್ದ ಮೈಯನ್ನು ಬೆಂಗಳೂರಿನ ಹೊಗೆಗೆ ಏಕೆ ಒಡ್ಡಬೇಕು? ಬೆಂಗಳೂರಿಗೆ ಹೋಗುವುದಕ್ಕೆ ಚರಿತ್ರೆಯ ಆಧಾರವೇ ಇದೆ. 1799ರಲ್ಲಿ ಟಿಪ್ಪುವಿನ ಕೋಟೆ ಹಿಡಿದ ಇಂಗ್ಲಿಷರ ದಂಡು ಶ್ರೀರಂಗಪಟ್ಟಣದ ದ್ವೀಪದಲ್ಲೇ ಠಾಣ್ಯ ಹೂಡಿತ್ತು. ರಾಕೆಟ್ಟಿಗೆ ಜಗ್ಗದವರು ಸೊಳ್ಳೆ ತಂದ ಜ್ವರಕ್ಕೆ ಜಗ್ಗಿದರು. 1809ರಲ್ಲಿ ಗಂಟುಮೂಟೆ ಕಟ್ಟಿ ಬೆಂಗಳೂರು ಸೇರಿದರು, ಅಲ್ಲಿನ ದಂಡು ಪ್ರದೇಶ ಹುಟ್ಟಿದ್ದು ಹಾಗೆ. ಅಂದಮೇಲೆ ಆರೋಗ್ಯದ ಕಾರಣಕ್ಕೆ ಶ್ರೀರಂಗಪಟ್ಟಣ ಬಿಟ್ಟು ಬೆಂಗಳೂರಿಗೆ ಹೋದವರಲ್ಲಿ ನಮ್ಮ ಹುಡುಗ ಮೊದಲಿಗನೇನಲ್ಲ, ಹಿಂದೆ ಒಂದು ಇಡೀ ಸೈನ್ಯವಿದೆ. ಅದೇ ದ್ವೀಪದ ಗಂಜಾಂ ತಾನೂ ಅಷ್ಟೆ, ಟಿಪ್ಪು ಶಿರಾದಿಂದ ಸಂಸಾರಗಳನ್ನು ಕರೆತಂದು ತುಂಬಿಸಿದ ಪೇಟೆ. ಊರು ಬಿಡುವುದು ಅಲ್ಲಿ ಹೊಸ ವಿದ್ಯೆಯಲ್ಲ. ಆದರೆ ಅವನ ನಿಜವಾದ ಕಾರಣ ಸೊಳ್ಳೆಯಲ್ಲ, ಪ್ರಶ್ನೆ. ಗುಂಬಜ್ ರಸ್ತೆಯಿಂದ ನಿಮಿಷಾಂಬ ಗುಡಿಯ ಮೆಟ್ಟಿಲಿನವರೆಗೆ ನಡೆದರೆ ‘ಈಗೆಂಗಿದ್ದೀಯಪ್ಪ?’ ಎನ್ನುವವರು ಏಳು ಮಂದಿ, ಮರಳುವಾಗ ಮತ್ತೆ ಅದೇ ಏಳು ಮಂದಿ. ಮೈಸೂರಿನ ಬಸ್ಸಿನಲ್ಲಿ ಅವರ ನೆಂಟರು. ಚೆನ್ನಾಗಿದ್ದೀನಿ ಎಂದರೆ ನಂಬುವುದಿಲ್ಲ. ಗದ್ದ ಹಿಡಿದು ಕಣ್ಣಿನ ರೆಪ್ಪೆ ಎಳೆದು ಹಳದಿ ಹುಡುಕುತ್ತಾರೆ. ಅದು ಪ್ರೀತಿಯೇ, ಸುಳ್ಳಲ್ಲ. ಆದರೆ ಅಷ್ಟು ಪ್ರೀತಿಯ ನಡುವೆ ವಾಸಿಯಾಗುವುದು ಸುಲಭವಲ್ಲ. ಮೆಜೆಸ್ಟಿಕ್ಕಿನ ಮೆಟ್ರೋದಲ್ಲಿ ಮುಖದ ಮೇಲೆ ಮುಖ ಇಟ್ಟು ನಿಂತವರೂ ಅವನ ಕಣ್ಣಿನ ಬಣ್ಣ ನೋಡುವುದಿಲ್ಲ. ಡಾಕ್ಟರು ಬರೆದುಕೊಡದ ಔಷಧಿ ಅದು.

ಅವನ ಪರ ವಾದಿಸುತ್ತಿದ್ದೇನೆಂದು ಅವನ ಚಾಳಿ ಮುಚ್ಚಿಡಲಾರೆ. ಕೋಣೆ ಗುಡಿಸುವ ಸರದಿ ಬಂದ ಭಾನುವಾರ ಸರಿಯಾಗಿ ಸುಸ್ತು ಬರುತ್ತದೆ. ಶೇ. 75ರ ಹಾಜರಾತಿ ಕುಸಿಯುವ ಹೊತ್ತಿಗೆ ಫೈಲಿನ ಇಪ್ಪತ್ತೆರಡು ವರದಿಗಳಲ್ಲಿ ತಕ್ಕದ್ದೊಂದು ಮೇಲೆದ್ದು ಬರುತ್ತದೆ. ತನಗಿಂತ ಒಂದೇ ವರ್ಷ ಚಿಕ್ಕವರನ್ನು ‘ಈಗಿನ ಹುಡುಗರು’ ಎನ್ನುತ್ತಾನೆ. ಪ್ರಶ್ನೆಗೆ ಹೆದರಿ ಊರು ಬಿಟ್ಟವನು, ಯಾರೂ ಕೇಳದ ಊರಿನಲ್ಲಿ ಎರಡು ತಿಂಗಳು ಕಳೆಯುವಷ್ಟರಲ್ಲಿ ಕ್ಯಾಂಟೀನಿನವನಿಗೂ ತನ್ನ ಬಿಲಿರುಬಿನ್ ಎಷ್ಟಿತ್ತೆಂದು ತಾನಾಗಿಯೇ ಹೇಳಿರುತ್ತಾನೆ. ಆಮೇಲೆ ಮಳೆಗಾಲದಲ್ಲಿ ಒಂದು ದಿನ ಪಕ್ಕದ ಮಂಚದವನಿಗೆ ಜ್ವರ ಬರುತ್ತದೆ. ಆಗ ನೋಡಬೇಕು ನಮ್ಮ ಹುಡುಗನ ಕಳೆ. ಥರ್ಮಾಮೀಟರು ಒದರಿ ಬಾಯಿಗಿಟ್ಟು, ಫ್ಲಾಸ್ಕಿನ ಮುಚ್ಚಳದಲ್ಲಿ ಬಿಸಿನೀರು ಬಗ್ಗಿಸಿ, ಪ್ಲೇಟ್‌ಲೆಟ್ ಪರೀಕ್ಷೆ ಎಂದು ಮಾಡಿಸಬೇಕೆಂದು ಲೆಕ್ಕ ಹಾಕಿ, ಮಂಚದ ಅಂಚಿಗೆ ಕೂರುತ್ತಾನೆ. ಜ್ವರ ಬಂದು ಇನ್ನೂ ನಾಲ್ಕು ಗಂಟೆ ಆಗಿರುವುದಿಲ್ಲ. ಗೆಳೆಯನ ರೆಪ್ಪೆಯನ್ನು ಹೆಬ್ಬೆರಳಿನಲ್ಲಿ ಕೆಳಗೆಳೆದು, ಗಂಜಾಂನ ಅಷ್ಟೂ ದೊಡ್ಡಮ್ಮಂದಿರ ದನಿಯಲ್ಲಿ ಹೇಳುತ್ತಾನೆ: ‘ಸ್ಯಾನೆ ಸೊರಗೋಗಿದ್ದೀಯಲ್ಲಪ್ಪ.’