ದಾರದ ಕಾಕು

ದಾರದ ಕಾಕು ಯಾವ ಊರಿನವಳು ಎಂದು ಕೇಳಿದರೆ ಜಗಳ ಹತ್ತುತ್ತದೆ. ವಾಡಿಯವರು ಆಕೆ ತಮ್ಮ ರೇಲ್ವೆ ಕ್ವಾರ್ಟರ್ಸಿನವಳು ಅನ್ನುತ್ತಾರೆ. ಸೇಡಂನವರು, ಇಲ್ಲ, ಸಿಮೆಂಟ್ ಕಾಲೊನಿಯವಳು ಅನ್ನುತ್ತಾರೆ. ಚಿತ್ತಾಪುರದಲ್ಲಿ ಆಕೆ ರಿಟೈರಾದ ಸಾಲಿ ಅಕ್ಕೋರು, ಶಹಾಬಾದದಲ್ಲಿ ಫರ್ಸಿ ಕಲ್ಲಿನ ವ್ಯಾಪಾರಿಯ ಮನೆಯಾಕೆ, ಚಿಂಚೋಳಿಯಲ್ಲಿ ತೊಗರಿ ಹೊಲದ ಗೌಡರ ಹಿರಿಸೊಸೆ. ಎಲ್ಲರ ಮಾತೂ ಖರೆ. ಕಲಬುರಗಿ ಜಿಲ್ಲೆಯ ಈ ಮೂಲೆಯಲ್ಲಿ ಓಣಿಗೊಬ್ಬ ದಾರದ ಕಾಕು ಇದ್ದಾಳೆ. ಗುರುತು ಹಿಡಿಯುವುದು ಕಷ್ಟವಲ್ಲ. ಸೀರೆ ಅಂಗಡಿಯ ಕೈಚೀಲ, ಅದರೊಳಗಿಂದ ಇಣುಕುವ ಕಟ್ಟಿಗೆಯ ರಿಂಗು, ರಿಂಗಿನಲ್ಲಿ ಬಿಗಿದ ಮ್ಯಾಟಿ ಬಟ್ಟೆ, ಬಟ್ಟೆಯ ಮೇಲೆ ಯಾವಾಗ ನೋಡಿದರೂ ಒಂದು ರೆಕ್ಕೆ ಬಾಕಿ ಇರುವ ಹಕ್ಕಿ.

ಕ್ರಾಸ್‌ಸ್ಟಿಚ್ ಅಂದರೆ ಏನು ಮಹಾ? ಚೌಕಳಿ ಚೌಕಳಿಯಾಗಿ ನೇಯ್ದ ಬಟ್ಟೆಯ ಮೇಲೆ, ಆರೆಳೆಯ ದಾರದಿಂದ ಎರಡೋ ಮೂರೋ ಎಳೆ ಬಿಡಿಸಿಕೊಂಡು, ಚೌಕಕ್ಕೊಂದು ಗುಣಾಕಾರದ ಗುರುತು ಹಾಕುತ್ತ ಹೋಗುವುದು. ನೋಡುವವರಿಗೆ ಅಷ್ಟೇ. ಕಾಕುವಿಗೆ ಇದರಲ್ಲಿ ಒಂದು ಧರ್ಮಶಾಸ್ತ್ರವೇ ಇದೆ. ಗುಣಾಕಾರದ ಮೇಲಿನ ಗೆರೆ ಎಲ್ಲ ಚೌಕದಲ್ಲೂ ಒಂದೇ ದಿಕ್ಕಿಗೆ ವಾಲಿರಬೇಕು. ಹಿಂಬದಿಯಲ್ಲಿ ಗಂಟು ಇರಕೂಡದು. ಯಾರದೇ ಮನೆಗೆ ಹೋದರೂ ಆಕೆ ಮೊದಲು ಟೀಪಾಯಿ ಬಟ್ಟೆಯ ಅಂಚು ಎತ್ತಿ ಬೆನ್ನು ನೋಡುತ್ತಾಳೆ. ಗಂಟು ಕಂಡರೆ ಚಹಾ ಕುಡಿಯುತ್ತಾಳೆ, ಆದರೆ ಆ ಮನೆಯ ಹುಡುಗಿಯನ್ನು ತಂದುಕೊಳ್ಳುವ ವಿಚಾರ ಅಲ್ಲಿಗೇ ಬಿಡುತ್ತಾಳೆ.

ಕಾಕುವಿಗೆ ಒಬ್ಬ ಧಾರವಾಡದ ಬೀಗತಿ ಇರಲೇಬೇಕು, ಇದ್ದಾಳೆ. ಬಂದಾಗಲೆಲ್ಲ ಇಳಕಲ್ ಸೀರೆಯ ಸೆರಗು ಮುಂದೆ ಎಳಕೊಂಡು, “ನಮ್ಮ ಕಸೂತಿಯೊಳಗ ಗವಂತಿ, ಮುರಗಿ, ನೇಯ್ಗಿ, ಮೆಂತಿ ಅಂತ ನಾಕು ಥರಾ ಅವ. ನಿಮ್ಮದು ಬರೇ ಮೆಂತಿ ಒಂದs ಅಲ್ಲೇನ್ರೀ?” ಎಂದು ಕೇಳುತ್ತಾಳೆ. ಕೇಳಿದ್ದರಲ್ಲಿ ತಪ್ಪಿಲ್ಲ, ಕಸೂತಿಯ ಮೆಂತಿ ಎಂಬ ಹೊಲಿಗೆ ಕ್ರಾಸ್‌ಸ್ಟಿಚ್ಚೇ. ಕಾಕು ಸೂಜಿಯಿಂದ ಕಣ್ಣು ಕೀಳದೆ ಅನ್ನುತ್ತಾಳೆ: “ನನಗ ಸಕ್ರಿ ಬ್ಯಾನಿ ಅದ್ರೀ. ಮೆಂತಿನೇ ಛಲೋ ಅಂತಾರ.” ಕಸೂತಿಗೆ ಜಿಐ ಟ್ಯಾಗ್ ಇದೆ, ಕಲಬುರಗಿ ತೊಗರಿಬೇಳೆಗೂ 2019ರಲ್ಲಿ ಸಿಕ್ಕಿದೆ. ಕಾಕು ಹೊಲಿದ ಜೋಡಿ ಗಿಳಿಗೆ ಮಾತ್ರ ಇನ್ನೂ ಯಾರೂ ಅರ್ಜಿ ಹಾಕಿಲ್ಲ.

ಕಾಕುವಿನ ಮನೆಯಲ್ಲಿ ಇಸವಿ ಹೇಳುವ ಪದ್ಧತಿಯಿಲ್ಲ. ಗಿಳಿ ಹೊಲಿಯುವಾಗ ಲಗ್ನ ನಿಕ್ಕಿಯಾಯಿತು, ಗುಲಾಬಿ ಬುಟ್ಟಿಯ ಕಾಲಕ್ಕೆ ಮಗ ಹುಟ್ಟಿದ, ಕೃಷ್ಣನ ಪೀತಾಂಬರಕ್ಕೆ ಬಂದಾಗ ಪಿತ್ತಕೋಶದ ಕಲ್ಲು ತೆಗೆಸಿದ್ದು. ವಿಮೆಯ ಅರ್ಜಿ ತುಂಬುತ್ತ ಆಕೆಯ ಗಂಡ ಕಾಕಾ, “ನಿಂದು ಆಪರೇಶನ್ ಯಾವ ವರ್ಷ ಆಯ್ತು?” ಅಂದರೆ ಆಕೆ ಎದ್ದುಹೋಗಿ ಗೋಡೆ ನೋಡಿ ಬರುತ್ತಾಳೆ. ಕಾಕಾ ನೌಕರಿ ಮಾಡಿದ ಮನುಷ್ಯ, ಅವನಿಗೆ ತಾರೀಕು ಬೇಕು. ಹಳೆಯ ಡಬ್ಬಾ ಟಿವಿಯ ಮೇಲಿದ್ದ ಗಿಳಿ ಕವರು, ಗೋಡೆಗೆ ಅಂಟುವ ಟಿವಿ ಬಂದ ದಿನ ನೌಕರಿ ಕಳಕೊಂಡಿತು. ಈಗ ಮಿಕ್ಸರ್ ಮೇಲೆ ಕಾಂಟ್ರ್ಯಾಕ್ಟಿನ ಮೇಲೆ ದುಡಿಯುತ್ತಿದೆ.

ನವಿಲಿನ ಕತೆ ಬೇರೆ. 2006ರಲ್ಲಿ ಚಿಕೂನ್‌ಗುನ್ಯಾ ರಾಜ್ಯವನ್ನೆಲ್ಲ ಮಲಗಿಸಿದಾಗ ಈ ಕಡೆಯ ಊರುಗಳಲ್ಲಿ ಎದ್ದು ನೀರು ಕೊಡುವವರೂ ಇರಲಿಲ್ಲ. ಜ್ವರ ವಾರದಲ್ಲಿ ಹೋಯಿತು, ಕೀಲು ಮಾತ್ರ ತಿಂಗಳುಗಟ್ಟಲೆ ಮಾತು ಕೇಳಲಿಲ್ಲ. ಕಾಕುವಿನ ಬೆರಳಿಗೆ ರೊಟ್ಟಿ ಮುರಿಯುವ ಶಕ್ತಿಯೂ ಇಲ್ಲ, ನವಿಲು ಅರ್ಧ ಗರಿಗೆ ಬಂದು ನಿಂತಿದೆ. ಆಗ ಹೊಸದಾಗಿ ಮನೆಗೆ ಬಂದಿದ್ದ ಸೊಸೆಯನ್ನು ಕೂರಿಸಿಕೊಂಡು, ತಾನು ಹಾಸಿಗೆಯಲ್ಲಿ ಮಲಗಿ, “ಎಡಕ್ಕ ಮೂರು, ಮ್ಯಾಲ ಒಂದು, ಈಗ ಹಸರು ತಗೊ” ಎಂದು ಅಪ್ಪಣೆ ಕೊಡುತ್ತ ಗರಿ ಮುಗಿಸಿದಳು. ಮುಗಿಸಿದ ಮೇಲೆ ಗೊತ್ತಾಯಿತು, ಸೊಸೆ ಎಡಗೈಯವಳು. ಆಕೆಯ ಮೇಲಿನ ಗೆರೆಗಳೆಲ್ಲ ಉಲ್ಟಾ ವಾಲಿವೆ. ಹಗಲಿನಲ್ಲಿ ಏನೂ ತಿಳಿಯುವುದಿಲ್ಲ. ಸಂಜೆ ಕಿಟಕಿಯ ಬೆಳಕು ಅಡ್ಡ ಬಿದ್ದಾಗ ನವಿಲಿನ ಅರ್ಧ ಗರಿ ಮಿಂಚುತ್ತದೆ, ಅರ್ಧ ಮಂಕಾಗುತ್ತದೆ. ಬಂದವರು ನವಿಲನ್ನು ಹೊಗಳಿದರೆ ಕಾಕು ಇಂದಿಗೂ ಬೆರಳು ಮಾಡಿ ತೋರಿಸುತ್ತಾಳೆ: “ಇಲ್ಲಿಂದ ಇಲ್ಲಿ ತನಕ ಸೊಸಿದು.” ಆ ಸೊಸೆ ಈಗ ಬ್ಯಾಂಕಿನಲ್ಲಿ ಮ್ಯಾನೇಜರು. ಸಾಲ ಕೇಳಲು ಬಂದವರೂ ಆ ಗರಿಯನ್ನು ನೋಡಿ ಹೋಗಿದ್ದಾರೆ.

ಬೇನೆಗೂ ಕಾಕುವಿಗೂ ಇರುವುದು ಬಾಡಿಗೆದಾರನಿಗೂ ಮನೆ ಮಾಲೀಕನಿಗೂ ಇರುವ ಸಂಬಂಧ. ಬೇಡ ಅನ್ನುವ ಹಾಗಿಲ್ಲ, ಬಾಡಿಗೆ ಮಾತ್ರ ವಸೂಲು ಮಾಡಲೇಬೇಕು. ಲ್ಯಾಬಿನ ಹುಡುಗಿ ಸಕ್ಕರೆ ನೋಡಲು ಬೆರಳಿಗೆ ಸೂಜಿ ಚುಚ್ಚಿದರೆ, ನೋವಿನ ಮಾತಿಲ್ಲ, “ಯವ್ವಾ, ಇದೇನು ಸೂಜಿ ಹಿಡಿಯೋ ರೀತಿ?” ಎಂದು ಪಾಠ ಶುರು. ಕುತ್ತಿಗೆ ನೋವಿಗೆ ಬೆಲ್ಟ್ ಬಿಗಿದು ತಲೆ ಬಗ್ಗಿಸಬೇಡಿ ಅಂದರು. ಕಾಕು ತಲೆ ಬಗ್ಗಿಸಲಿಲ್ಲ, ರಿಂಗನ್ನೇ ಮುಖದ ಮಟ್ಟಕ್ಕೆ ಎತ್ತಿದಳು. ಆ ಎರಡು ತಿಂಗಳು ಮಾತಾಡಿಸಲು ಬಂದವರಿಗೆ ಕಾಕುವಿನ ಮುಖ ಕಾಣಲಿಲ್ಲ. ಕ್ಷೇಮಸಮಾಚಾರವನ್ನೆಲ್ಲ ರಿಂಗಿನಲ್ಲಿದ್ದ ಗಣಪತಿಯ ಬೆನ್ನೇ ಹೇಳಿತು. ಎದೆ ಹಿಡಿದಂತಾಯಿತೆಂದು ಇಸಿಜಿ ಮಾಡಿಸಿದಾಗ ಮನೆಮಂದಿಯೆಲ್ಲ ಗಾಬರಿಯಾಗಿ ಡಾಕ್ಟರ ಮುಖ ನೋಡುತ್ತಿದ್ದರೆ, ಕಾಕು ಆ ಗುಲಾಬಿ ಚೌಕಳಿ ಕಾಗದವನ್ನು ಬೆಳಕಿಗೆ ಹಿಡಿದಳು. “ಇದರಾಗ ಐದಕ್ಕೊಂದು ದಪ್ಪ ಗೆರಿ ಅದ. ನಮ್ಮ ಡಿಸೈನ್ ಪುಸ್ತಕದಾಗ ಹತ್ತಕ್ಕೊಂದು ಇರ್ತಾದ.” ಮುಂದಿನ ಸಲ ಡಾಕ್ಟರು ಹಳೆಯ ಇಸಿಜಿ ಕೇಳಿದಾಗ ಅದರ ಮೇಲೆ ಪೆನ್ಸಿಲ್ಲಿನಲ್ಲಿ ಬಳ್ಳಿಯಂಚು ಬರೆದಿತ್ತು. ಹೃದಯ ಸರಿಯಾಗಿಯೇ ಇತ್ತು, ಬಳ್ಳಿಯೂ ಚೆನ್ನಾಗಿತ್ತು.

ಸೂಜಿ ಕಳೆದ ದಿನ ಮನೆಯಲ್ಲಿ ಕರ್ಫ್ಯೂ. ಈ ಭಾಗದ ಮನೆಗಳಿಗೆಲ್ಲ ಶಹಾಬಾದದ ಫರ್ಸಿ, ಬೂದು ಕಲ್ಲು, ನಲವತ್ತು ದಾಟಿದ ಬಿಸಿಲಿನಲ್ಲೂ ಅಂಗಾಲಿಗೆ ತಂಪು. ಆದರೆ ಬಿದ್ದ ಸೂಜಿಯನ್ನು ಆ ಬೂದು ಬಣ್ಣ ನುಂಗಿಬಿಡುತ್ತದೆ. “ಯಾರೂ ಅಲ್ಲಾಡಬ್ಯಾಡ್ರಿ!” ಎಂದು ಕಾಕು ಕೂಗಿದೊಡನೆ ರೊಟ್ಟಿ ಬಡಿಯುವ ಕೈ ನಿಲ್ಲುತ್ತದೆ, ಮೊಮ್ಮಗ ಒಂಟಿಗಾಲಿನಲ್ಲಿ ನಿಲ್ಲುತ್ತಾನೆ, ಕಾಕಾ ಪೇಪರು ಹಿಡಿದಲ್ಲೇ ಹಿಡಿದುಕೊಂಡು ಕೂತಿರುತ್ತಾನೆ. ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಸಂದುಸಂದಿಯಲ್ಲಿ ಎಳೆದು ಹುಡುಕುತ್ತಾರೆ. ಸೂಜಿ ಸಾಮಾನ್ಯವಾಗಿ ಕಾಕುವಿನ ಸೆರಗಿನಲ್ಲೇ ಸಿಗುತ್ತದೆ. ಈ ಮಾತನ್ನು ಆ ಮನೆಯಲ್ಲಿ ಯಾರೂ ಆಡುವುದಿಲ್ಲ.

ಪ್ರಯಾಣ ಅಂದರೆ ಕಾಕುವಿಗೆ ಹಬ್ಬ. ಮುಂಬೈ–ಚೆನ್ನೈ ದಾರಿಯಿಂದ ಸಿಕಂದರಾಬಾದಿನ ದಾರಿ ಕವಲೊಡೆಯುವುದು ವಾಡಿ ಜಂಕ್ಷನ್ನಿನಲ್ಲಿ. ಅಲ್ಲಿ ಗೂಡ್ಸಿಗೆ ದಾರಿ ಬಿಡಲು ಗಾಡಿ ನಿಂತರೆ ಡಬ್ಬಿಯವರೆಲ್ಲ ಬೈಯುತ್ತಾರೆ. “ನಿಲ್ಲಲಿ ಬಿಡ್ರಿ, ಅಲಗಾಡಲಾರದ ಎರಡು ಸಾಲರೆ ಆಗ್ತಾವ” ಅನ್ನುವವಳು ಕಾಕು ಒಬ್ಬಳೇ. ಚಿತ್ತಾಪುರದಲ್ಲಿ ಮೊಗ್ಗಾಗಿದ್ದ ಗುಲಾಬಿ ಸೇಡಂ ಬರುವಷ್ಟರಲ್ಲಿ ಎಸಳು ಬಿಟ್ಟಿರುತ್ತದೆ. ನಡುವೆ ಮಳಖೇಡ ಬರುತ್ತದೆ. ಅಮೋಘವರ್ಷ ನೃಪತುಂಗ ಆಳಿದ ರಾಜಧಾನಿ. ಕಾಕು ತಲೆ ಎತ್ತುವುದಿಲ್ಲ, ಎತ್ತಿದರೆ ಎಣಿಕೆ ತಪ್ಪುತ್ತದೆ. ಬಣ್ಣವೂ ಆಕೆಗೆ ಎಣಿಕೆಯೇ; ಹೆಸರಿನಿಂದ ಕರೆಯುವುದಿಲ್ಲ, ಆಂಕರ್ ದಾರದ ನಂಬರಿನಿಂದ ಕರೆಯುತ್ತಾಳೆ. ಟೊಮೆಟೊ ಗಾಡಿಯವನ ಮುಂದೆ ನಿಂತು, “46 ಇದ್ದದ್ದು ಆರಿಸಿ ಹಾಕಪ್ಪಾ” ಅನ್ನುತ್ತಾಳೆ. ಕೂದಲಿಗೆ ಬಣ್ಣ ಹಚ್ಚಿಕೊಂಡು ಬಂದ ಕಾಕಾನನ್ನು ನೋಡಿ, “403 ಭಾಳ ಆಯ್ತು” ಅಂದಳು. ಕಪ್ಪು ಅಂತ ಅರ್ಥ. ಮಗನ ಫೋನ್ ನಂಬರು ಮಾತ್ರ ಇನ್ನೂ ಬಾಯಿಗೆ ಬರುವುದಿಲ್ಲ.

ಚಿಂಚೋಳಿಗೆ ರೈಲಿಲ್ಲ, ಬಸ್ಸೇ ಗತಿ. ಲಂಬಾಣಿ ತಾಂಡಾಗಳು ಹೆಚ್ಚಿರುವ ತಾಲೂಕು ಅದು. ಬಸ್ ಸ್ಟ್ಯಾಂಡಿನಲ್ಲಿ ಪಕ್ಕಕ್ಕೆ ಕೂತ ಲಂಬಾಣಿ ಮುದುಕಿ, ಕವಡೆ ಕನ್ನಡಿ ಕೂರಿಸಿದ ಕಾಂಚಳಿ ತೊಟ್ಟವಳು, ಕಾಕು ಪುಸ್ತಕ ನೋಡಿ ಚೌಕ ಎಣಿಸುವುದನ್ನು ಬಹಳ ಹೊತ್ತು ನೋಡಿ ಕೇಳಿದಳಂತೆ: “ಹೊಲಿಯಾಕೂ ಪುಸ್ತಕ ಬೇಕೇನು ಬಾಯಿ?” ಕಾಕುವಿಗೆ ಉತ್ತರ ಹೊಳೆಯದೆ ಹೋದ ಏಕೈಕ ಸಂದರ್ಭ ಇದು. ಊರಿಗೆ ಬಂದವಳೇ ಪುಸ್ತಕ ಬದಿಗಿಟ್ಟು ಸ್ವಂತ ಡಿಸೈನ್ ಮಾಡುತ್ತೇನೆಂದು ಹಟ ಹಿಡಿದಳು.

ಹಾಗೆ ರಿಂಗಿಗೆ ಬಂದವನು ಸಾಮ್ರಾಟ ಅಶೋಕ. ಸನ್ನತಿ ಬಳಿಯ ಕನಗನಹಳ್ಳಿ ಸ್ತೂಪದಲ್ಲಿ ಸಿಕ್ಕ ಶಿಲ್ಪದಲ್ಲಿ ಅವನು ರಾಣಿಯರೊಡನೆ ನಿಂತಿದ್ದಾನೆ. ಮೇಲೆ ಛತ್ರಿ ಹಿಡಿದಿದ್ದಾರೆ, ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರೂ ಕೊರೆದಿದೆ. ಪೇಪರಿನ ಫೋಟೊವನ್ನು ಮೊಮ್ಮಗನ ಗ್ರಾಫ್ ಪುಸ್ತಕದ ಮೇಲೆ ಇಳಿಸಿ, “ಇದು ನಮ್ಮ ಫರ್ಸಿ ಬಣ್ಣನೇ ಅದ” ಎಂದು ಕಾಕು ಬೂದು ದಾರ ತರಿಸಿದಳು. ಅಕ್ಷರದ ಹತ್ತಿರ ಬಂದಾಗ ಮೊಮ್ಮಗ, “ಆಯಿ, ಬ್ರಾಹ್ಮಿಯೊಳಗ ಕ ಅಂದ್ರ ಬರೇ ಕೂಡೋ ಗುರುತು” ಅಂದ. ಅದೂ ನಿಜವೇ. ಕಾಕು ಹಿಗ್ಗಿಹೋದಳು. “ಅಂದ್ರ ಕೊರದಾಂವ ನಮ್ಮಂವನೇ. ಜರಾ ಸೊಟ್ಟ ಹಿಡದಾನ ಅಷ್ಟ.” ಅಕ್ಷರ ಸುಂದರವಾಗಿ ಬಂತು. ಛತ್ರಿಯ ಕಡೆ ಒಂದು ಸಾಲು ಎಣಿಕೆ ತಪ್ಪಿ, ಹಿಡಿದ ದಾಸಿ ಚಕ್ರವರ್ತಿಗಿಂತ ಒಂದು ಚೌಕ ಎತ್ತರವಾದಳು. ಕಾಕಾ ತೋರಿಸಿದ. “ಮನ್ಯಾಗ ಹಂಗೇ ಇರ್ತಾದ” ಎಂದು ಕಾಕು ಹಾಗೆಯೇ ಫ್ರೇಮು ಹಾಕಿಸಿದಳು.

ಈಗ ನಡೆಯುತ್ತಿರುವುದು ಕಣ್ಣಿನ ಪರೆಯ ಅಧ್ಯಾಯ. ಸೂಜಿಗೆ ದಾರ ಪೋಣಿಸುವ ಕೆಲಸ ಕಾಕಾನ ಪಾಲಿಗೆ ಬಂದು ವರ್ಷಗಳಾಗಿದ್ದವು. ಮುಂಜಾಲೆ ವಾಕಿಂಗಿಗೆ ಹೋಗುವ ಮುನ್ನ ದಿನದ ರೇಶನ್ನಿನ ಹಾಗೆ ಹತ್ತು ಸೂಜಿ ಪೋಣಿಸಿ ದಿಂಬಿಗೆ ಚುಚ್ಚಿ ಹೋಗಬೇಕು. ಕೊನೆಗೆ ಅವನ ಕೈಯೂ ನಡುಗಲು ಹತ್ತಿ, ಕಾಕು ಆಪರೇಶನ್ನಿಗೆ ಒಪ್ಪಿದಳು. ಮೊದಲು ಬಲಗಣ್ಣು. ಕಪ್ಪು ಚಸ್ಮಾ, ತಾಸಿಗೊಮ್ಮೆ ಹನಿ, ಒಲೆ ಮುಂದೆ ಕೂರಬೇಡಿ, ಧೂಳಿಗೆ ಹೋಗಬೇಡಿ. ಸಿಮೆಂಟಿನ ಊರಿನಲ್ಲಿ ಧೂಳಿಗೆ ಹೋಗಬೇಕಾಗಿಲ್ಲ, ಅದೇ ಬರುತ್ತದೆ. ಕಾಕು ಎಲ್ಲವನ್ನೂ ಪಾಲಿಸಿದಳು. ಡಾಕ್ಟರು ಸೂಜಿಯ ಮಾತೆತ್ತದಿರಲಿ ಎಂದು ಅವರ ಮುಂದೆ ಚೀಲವನ್ನೇ ಒಯ್ಯಲಿಲ್ಲ.

ಚಸ್ಮಾ ತೆಗೆದ ದಿನ ಆಕೆ ಗೋಡೆಯ ಮುಂದೆ ನಿಂತು ಅತ್ತೇಬಿಟ್ಟಳು. ಮನೆಯವರು ಆನಂದಬಾಷ್ಪ ಅಂದುಕೊಂಡರು. ಪರೆ ಬಲಿತಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ನೀಲಿ ಬೆಳಕನ್ನು ಒಳಗೆ ಬಿಡುವುದಿಲ್ಲ. ಪರೆ ತೆಗೆದು ಲೆನ್ಸ್ ಹಾಕಿದ ಮೇಲೆ ನೀಲಿ ನೀಲಿಯಾಗಿಯೇ ಕಾಣುತ್ತದೆ. ಇತ್ತೀಚಿನ ವರ್ಷಗಳಲ್ಲಿ ಕಾಕು ಬಿಳಿ ಎಂದು ಹೊಲಿದದ್ದೆಲ್ಲ ಕೆನೆ ಬಣ್ಣ ಎಂದು ಬಲಗಣ್ಣು ವರದಿ ಕೊಟ್ಟಿತು. ಕೊಳದಲ್ಲಿ ಈಜುವ ಹಂಸಕ್ಕೆ ಕಾಮಾಲೆ ಆಗಿದೆ, ಕೊಳದ ನೀರಿನಲ್ಲಿ ಎರಡು ಬೇರೆ ನೀಲಿ ಕೂಡಿಕೊಂಡಿವೆ. ಎಡಗಣ್ಣು ಮುಚ್ಚಿದರೆ ತಪ್ಪು ಕಾಣುತ್ತದೆ. ಬಲಗಣ್ಣು ಮುಚ್ಚಿದರೆ ಎಲ್ಲ ಸರಿಯಾಗಿದೆ. ಒಂದಾದ ಮೇಲೊಂದು ಕಣ್ಣು ಮುಚ್ಚುತ್ತ ಹಂಸದ ಮುಂದೆ ಕೂತ ಕಾಕುವನ್ನು ನೋಡಿ, ಹಾಲು ಹಾಕಲು ಬಂದವನು ಗಾಬರಿಯಾಗಿ ಕಾಕಾನನ್ನು ಕರೆದ.

ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆಗೂ ಇದೇ ಪಾಡು ಬಂದಿತ್ತು ಎಂದು ನಾನು ಸಮಾಧಾನ ಹೇಳಹೋದೆ. ಅವನಿಗೆ 1923ರಲ್ಲಿ ಬಲಗಣ್ಣಿನ ಪರೆ ತೆಗೆದರು, ಆಮೇಲೆ ಎಡಗಣ್ಣಿಗೆ ಅವನು ಏನು ಮಾಡಿದರೂ ಒಪ್ಪಲಿಲ್ಲ.

“ಏನು ಬರೀತಿದ್ದ?”

“ತಾವರಿ ಕೊಳ, ಕಾಕು.”

“ಕಣ್ಣು ಬಂದ ಮ್ಯಾಲ ಉಚ್ಚಿದನೇನು?”

“ಉಚ್ಚಾಕ ದಾರ ಅಲ್ಲಲ್ಲ, ಬಣ್ಣ. ಕೆಲವು ತಿದ್ದಿದ, ಕೆಲವು ಹಾಳು ಮಾಡಿದ ಅಂತಾರ.”

“ಬುದ್ಧಿ ಇಲ್ಲದಾಂವ” ಅಂದಳು ಕಾಕು. “ಬಟ್ಟಿ ಏನು ತಪ್ಪು ಮಾಡಿತ್ತು? ತೊಳದಿಟ್ಟರ ಇನ್ನೊಮ್ಮಿ ಬರ್ತಾದ.”

ಹಂಸವನ್ನು ಉಚ್ಚುವ ಕೆಲಸ ಅಂದೇ ಶುರುವಾಯಿತು. ದಾರ ಕತ್ತರಿಸಿ ತೆಗೆದರೆ ಬಟ್ಟೆಗೆ ಗಾಯವಾಗುತ್ತದೆ, ಆದ್ದರಿಂದ ಒಂದೊಂದೇ ಗುಣಾಕಾರವನ್ನು ಬಂದ ದಾರಿಯಲ್ಲೇ ವಾಪಸು ಕಳಿಸಬೇಕು. ಹೊಲಿದದ್ದಕ್ಕಿಂತ ಉಚ್ಚುವುದಕ್ಕೆ ಹೆಚ್ಚು ದಿನ ಹಿಡಿಯುತ್ತಿದೆ. ಕಾಕಾ ಪಕ್ಕದಲ್ಲಿ ಕೂತು, ಬಿಚ್ಚಿದ ಎಳೆಗಳನ್ನು ಬೀಡಿ ಕಟ್ಟಿನ ಕಾಗದಕ್ಕೆ ಸುತ್ತಿಡುತ್ತಾನೆ. ಕೆನೆ ಬಣ್ಣದ್ದು ಎಲ್ಲಿಗೆ ಉಪಯೋಗ ಎಂದು ಅವನೂ ಕೇಳಿಲ್ಲ, ಆಕೆಯೂ ಹೇಳಿಲ್ಲ.

ಮೊನ್ನೆ ತೋರಿಸಲು ಹೋದಾಗ ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, “ಭಾಳ ಛಲೋ ಆಗ್ಯಾದ್ರೀ ಕಾಕು. ಎಡಗಣ್ಣು ಯಾವಾಗ ಮಾಡೂಣು?” ಎಂದು ಕೇಳಿದರು.

“ತಾರೀಕು ಆಮ್ಯಾಲ ನೋಡೂಣ್ರೀ ಸಾಹೇಬ್ರ. ಮೊದಲ ಒಂದು ಮಾತು ಹೇಳ್ರಿ, ಅದಕ್ಕ ಹಾಕೋ ಲೆನ್ಸ್ ಜರಾ ಹಳದಿ ಸಿಗ್ತಾದೇನು? ಮನ್ಯಾಗ ಕೆನಿ ಬಣ್ಣದ ದಾರ ಎಂಟು ಲಡಿ ಹಂಗೇ ಉಳದಾವ.”