ಹಳೇ ಮಾತು, ಹೊಸ ತಾರೀಖು

“ಏನೋ, ಬೆಳಗ್ಗೆಯಿಂದ ‘ಲಕ್ಕೂರಿನ ಮಹಾಜನರೇ’ ಅಂತ ಒಂದೇ ಮಾತನ್ನ ಜಗಿತಾ ಇದ್ದೀಯ? ಮುಂದಕ್ಕೇ ಹೋಗಲ್ವ?”

ಬೇಲಿಯಾಚೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಅಣ್ಣ ಕೇಳಿದರು. ಅಣ್ಣ ಅಂದರೆ ಒಡಹುಟ್ಟಿದವರಲ್ಲ, ಪಕ್ಕದ ತೋಟದವರು. ನಾನು ಆಟೋಗೆ ಕಟ್ಟುವ ಮೈಕಿಗೆ ಪ್ರಚಾರದ ಆಡಿಯೋ ಮಾಡಿಕೊಡುವವನು.

“ಒಂದ್ಸಲ ನೆಟ್ಟಗೆ ಹೇಳಿಟ್ರೆ ವರ್ಷವೆಲ್ಲ ನಡೆಯುತ್ತಣ್ಣ. ಜಾತ್ರೆಗೂ ಅದೇ, ಕಣ್ಣಿನ ಕ್ಯಾಂಪಿಗೂ ಅದೇ. ಬದಲಾಗೋದು ದಿನ, ಗಂಟೆ, ಜಾಗ. ಎಲ್ಲಿ ಬದಲಾಗುತ್ತೋ ಅಲ್ಲಿಗೆ ಕತ್ತರಿ ಹಾಕಿ ತುಂಡು ಮಾಡಿಡ್ಬೇಕು.”

“ಮಾಲೂರು ಸ್ಟೇಷನ್ನಾಗೆ ರೈಲು ಬರ್ತದೆ ಅಂತ ಕೂಗೋ ಹಂಗೆ ಅನ್ನು.”

“ಹಂಗೇ. ಆದ್ರೆ ಒಂದು ತಾಪತ್ರಯ ಐತೆ. ಮಾಲೂರು ಅಂತ ಒಂದ್ಸಲ ಹೇಳಿಟ್ಕೊಂಡ್ರೆ ಸಾಲಲ್ಲ. ಮಾಲೂರಿಗೆ, ಮಾಲೂರಿನಲ್ಲಿ, ಮಾಲೂರಿನಿಂದ, ಎಲ್ಲಾನೂ ಬೇರೆ ಬೇರೆ ಹೇಳ್ಬೇಕು. ಅಂಕಿನೂ ಅಷ್ಟೇ. ಸಾಲಿನ ನಡುವೆ ಬರೋ ಹತ್ತಕ್ಕೆ ದನಿ ಏರಿರುತ್ತೆ, ಕೊನೇಲಿ ಬರೋ ಹತ್ತಕ್ಕೆ ಇಳಿದಿರುತ್ತೆ. ಅದಲು ಬದಲಾದ್ರೆ, ಮುಂದೇನೋ ಹೇಳ್ತಾನೆ ಅಂತ ಜನ ಬಾಯಿ ಬಿಟ್ಕೊಂಡು ನಿಂತಿರ್ತಾರೆ.”

“ಇಷ್ಟು ಚೂರಲ್ಲಿ ಬೇಕಾದ್ದನ್ನ ಹುಡುಕೋದು ಹೆಂಗೋ?”

“ಹೆಸರಿಂದಣ್ಣ. ‘ಹೊಸದು’, ‘ಹೊಸದು ಎರಡು’, ‘ಫೈನಲ್’ ಅಂತ ಇಟ್ರೆ ಕೆಟ್ಟಂಗೇ. ‘ಜಾತ್ರೆ, ಕರೆ, ಹೆಣ್ಣು ದನಿ’ ಅಂತ ಇಟ್ರೆ ಕತ್ತಲಲ್ಲೂ ಸಿಗುತ್ತೆ. ಮೂಲ ಮಾತ್ರ ವೇವ್ ಫೈಲಾಗೇ ಇರ್ಬೇಕು. ಸಿ.ಡಿ. ಗುಣಮಟ್ಟಕ್ಕೆ ನಿಮಿಷಕ್ಕೆ ಸುಮಾರು 10 ಎಂ.ಬಿ. ತಿನ್ನುತ್ತೆ, ತಿನ್ಲಿ. ಎಂಪಿ3ಗೆ ಅದರ ಹತ್ತನೇ ಒಂದು ಪಾಲು ಸಾಕು, ಆದ್ರೆ ತಿದ್ದಿ ತಿದ್ದಿ ಮತ್ತೆ ಎಂಪಿ3 ಮಾಡಿದಷ್ಟೂ ದನಿ ಸವೆಯುತ್ತೆ. ಆಟೋಗೆ ಕೊಡೋವಾಗ ಮಾತ್ರ ಅದು.”

“ನಮ್ಮ ಕಾಲದಾಗೆ ಕ್ಯಾಸೆಟ್ಟಿಂದ ಕ್ಯಾಸೆಟ್ಟಿಗೆ ಇಳಿಸ್ತಿದ್ರಲ್ಲ, ಕೊನೆಗೆ ಬರೀ ಸೊಯ್ ಅನ್ನೋದು,” ಎಂದ ಅಣ್ಣನಿಗೆ ನಮ್ಮ ಜಿಲ್ಲೆಯದೇ ಬೂದಿಕೋಟೆ ನೆನಪಾಯಿತು. ಸಂಘಸಂಸ್ಥೆಗಳು ಸಮುದಾಯ ಬಾನುಲಿ ನಡೆಸಬಹುದೆಂದು ಸರ್ಕಾರ ಒಪ್ಪಿದ್ದು 2006ರಲ್ಲಿ. ಅದಕ್ಕೂ ಮೊದಲೇ ಬೂದಿಕೋಟೆಯ ‘ನಮ್ಮ ಧ್ವನಿ’ ಕೇಂದ್ರ ಹಳ್ಳಿಯವರದೇ ಮಾತನ್ನು ಧ್ವನಿಮುದ್ರಿಸಿ, ಕೇಬಲ್ ತಂತಿಯಲ್ಲಿ ಮನೆಮನೆಗೆ ಮುಟ್ಟಿಸಿತ್ತು. ಗಾಳಿಯಲ್ಲಿ ಬಿಡಲು ಲೈಸೆನ್ಸ್ ಬೇಕು, ತಂತಿ ಎಳೆಯಲು ಹುಮ್ಮಸ್ಸು ಸಾಕು ಎಂದು ಅಣ್ಣನ ವ್ಯಾಖ್ಯಾನ.

“ಈಗೆಲ್ಲ ಸಲೀಸಣ್ಣ. ಅಡಾಸಿಟಿ ಅಂತ ದನಿ ತಿದ್ದೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ. 2021ರಲ್ಲಿ ಅದರ 3.1 ಆವೃತ್ತಿ ಬಂದ್ಮೇಲೆ, ತುಂಡಿನ ಅಂಚು ಹಿಡಿದು ಒಳಕ್ಕೆ ತಳ್ಳಿದ್ರೆ ಮಾತು ಅಳಿಸೋಗಲ್ಲ, ಮರೆಯಾಗುತ್ತೆ. ಎಳೆದ್ರೆ ವಾಪಸ್ ಬರುತ್ತೆ.”

“ಹಂಗಾದ್ರೆ ನೀನು ಶುರುವಲ್ಲಿ ಕೆಮ್ಮಿದ್ದು, ಹುಡುಗನಿಗೆ ಬೈದಿದ್ದು?”

“ಒಳಗೇ ಕೂತಿರುತ್ತೆ. ಬೇರೆ ಪ್ರಾಜೆಕ್ಟಿಗೆ ಅಂಟಿಸೋವಾಗ, ಆರಿಸಿದ ಭಾಗ ಮಾತ್ರ ಸಾಕು ಅಂತ ಹೇಳ್ದೆ ಇದ್ರೆ ಬೈಗಳೂ ಜತೆಗೇ ಹೋಗುತ್ತೆ.”

ಅಣ್ಣ ಸೊಪ್ಪಿನ ಹೊರೆ ಕೆಳಗಿಟ್ಟು ಬೇಲಿಗೆ ಒರಗಿದರು.

“ಎಲೆಕ್ಷನ್ ಪ್ರಚಾರಕ್ಕೆ ಏನೇನು ಬದಲಾಯಿಸ್ತೀಯ?”

“ಹೆಸರು, ಗುರುತು.”

“ಭರವಸೆ?”

“ಅದು ಹಳೇ ತುಂಡೇ ಅಣ್ಣ.”

“ಅದನ್ನ ಮಾತ್ರ ವೇವ್ ಫೈಲಾಗೇ ಇಡಪ್ಪ. ಐದೈದು ವರ್ಷಕ್ಕೊಂದ್ಸಲ ತೆಗೀಬೇಕು, ಸವೆದೋದಾತು.”